ತೂಗದ ಬುತ್ತಿ

ಹುಲ್ಲು ಕಣಕಾಲಿನ ಗಂಟನ್ನು ಮುಟ್ಟುತ್ತಿತ್ತು, ಅದಕ್ಕಿಂತ ಮೇಲಿರಲಿಲ್ಲ. ಸೆಲುತಾನ್ ಬೂಟುಗಳನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ವಿಮಾನದ ಬಯಲಿನ ಉದ್ದಕ್ಕೂ ಇಳಿದು ಬರುತ್ತಿದ್ದ. ಬೂಟು ಹಾಕಿಕೊಂಡರೆ ನೆಲ ಎಷ್ಟು ಮೆತ್ತಗಿದೆ ಎಂಬುದು ಗೊತ್ತಾಗುವುದಿಲ್ಲ. ಮಳೆ ಬಂದಿರಲಿಲ್ಲ, ಮಂಜು ಮಾತ್ರ ಸುರಿದಿತ್ತು. ಹಿಮ್ಮಡಿ ಒತ್ತಿದರೆ ನೀರು ಒಸರುತ್ತಿರಲಿಲ್ಲ. ನೆಲ ಗಟ್ಟಿಯಿದೆ, ಬರಬಹುದು ಎಂದು ರೇಡಿಯೋದಲ್ಲಿ ಆಗಲೇ ಹೇಳಿಬಿಟ್ಟಿದ್ದ. ಹೇಳಿದ ಮೇಲೆ ತನ್ನ ಮಾತಿನ ಮೇಲೆ ತನಗೇ ನಂಬಿಕೆ ಸಾಲದೆ ಎರಡನೆಯ ಸಲ ನಡೆಯುತ್ತಿದ್ದ. ಎಮ್ಮೆಗಳನ್ನು ಬೇಲಿಯಾಚೆ ಅಟ್ಟಿದ್ದಾಗಿತ್ತು, ಅವುಗಳ ಗೊರಸಿನ ಗುಂಡಿಗಳಿಗೆ ಮಣ್ಣು ಹಾಕಿ ತುಳಿದದ್ದೂ ಆಗಿತ್ತು. ಬಯಲಿನ ನಡುವೆ, ಒಂದು ಬದಿಗೆ, ಬಿಳಿ ಬಣ್ಣ ಬಳಿದ ಕಲ್ಲೊಂದಿದೆ. ವಿಮಾನ ಬೆಟ್ಟದ ಬುಡದಿಂದ ಓಡಿ ಬಂದು ಈ ಕಲ್ಲನ್ನು ದಾಟುವುದರೊಳಗೆ ಚಕ್ರ ಹುಲ್ಲು ಬಿಟ್ಟಿರಬೇಕು, ಇಲ್ಲವಾದರೆ ಪೈಲಟ್ ಅಲ್ಲೇ ನಿಲ್ಲಿಸಿಬಿಡಬೇಕು. ಹಿಂದಿನ ವಿಮಾನ ಬಿದ್ದ ಆವತ್ತು, ಕಲ್ಲಿನ ಹತ್ತಿರ ಅದರ ಚಕ್ರಗಳು ಒಮ್ಮೆ ನೆಲ ಬಿಟ್ಟು ಮತ್ತೆ ಕೂತವು. ಆ ಒಂದು ಜಿಗಿತ ನಂಬಿ ಕ್ಯಾಪ್ಟನ್ ರುಮೊಂಡೋರ್ ನಿಲ್ಲಿಸಲಿಲ್ಲ. ಮೇಲಿನ ತುದಿಯಲ್ಲಿ ನಿಂತಿದ್ದ ಸೆಲುತಾನ್ ಕೂಡ ಅದನ್ನೇ ನಂಬಿ, ಕೆಸರಲ್ಲಿ ಕೂತ ಎಮ್ಮೆಗೆ ಹೇಳುವಂತೆ ‘ಏಳು, ಏಳು’ ಎನ್ನುತ್ತಿದ್ದ. ಈಗ ಕಲ್ಲಿನ ಮೇಲೆ ಒಂದು ಬಸವನಹುಳು ಕೂತಿತ್ತು. ಅದನ್ನು ಎತ್ತಿ ಹುಲ್ಲಿನಾಚೆ ಬಿಟ್ಟ.

ಬಯಲಿನ ಕೆಳತುದಿಯಲ್ಲಿ ಬೇಲಿ, ಬೇಲಿಯಾಚೆ ಬದು, ಬದುವಿನಾಚೆ ಅವನ ಅತ್ತೆ, ಹೆಂಡತಿಯ ತಾಯಿ ಮುರಾಂಗ್‌ಳ ಗದ್ದೆ. ಗದ್ದೆಯೊಳಗೆ ಆ ವಿಮಾನ ಇನ್ನೂ ಮಲಗಿತ್ತು. ರೆಕ್ಕೆಗಳನ್ನೂ ಎಂಜಿನ್ನನ್ನೂ ಕರಾವಳಿಯಿಂದ ಬಂದವರು ಬಿಚ್ಚಿಕೊಂಡು ಹೋಗಿದ್ದರು. ಉಳಿದ ಹೊಟ್ಟೆಯ ಭಾಗ ಯಾರಿಗೂ ಬೇಡವಾಗಿತ್ತು, ಅದರಲ್ಲಿ ಈಗ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಆವತ್ತು ಸತ್ತವನು ಬಾಲಾಂಗ್, ಅತ್ತೆಯ ಒಬ್ಬನೇ ತಮ್ಮ. ನಾಟಿಯ ಕಾಲ ಬಂದಾಗ ಅತ್ತೆ ಅಲ್ಲಿ ನಿಂತು ಅಳಲಿಲ್ಲ. ಹ್ಯಾಟನ್ನು ಕಣ್ಣಿನ ತನಕ ಎಳೆದುಕೊಂಡು, ದಾರಿಗಡ್ಡ ಮಲಗಿದ ದನವನ್ನು ಬಳಸಿ ಹೋಗುವ ಹಾಗೆ ಆ ತಗಡಿನ ಸುತ್ತ ಬಳಸಿ ಪೈರು ನೆಟ್ಟಳು. ಈಗ ಪೈರು ಮೊಣಕಾಲೆತ್ತರ ಹಸಿರಾಗಿತ್ತು, ಒಂದು ಜಾಗ ಬಿಟ್ಟು. ವಿಮಾನದ ಬಾಗಿಲಿದ್ದ ಕಡೆ, ಚಾಪೆ ಹಾಸುವಷ್ಟು ಅಗಲಕ್ಕೆ, ಪೈರು ಹಳದಿ ತಿರುಗಿ ಬಾಗಿತ್ತು. ಕಿತ್ತು ಹೊಸದು ನೆಟ್ಟರೂ ಅಷ್ಟೇ. ‘ಪೆಟ್ರೋಲ್ ಬಿದ್ದಿದೆ ಅಲ್ಲಿ. ಮುಂದಿನ ವರ್ಷ ಸರಿಹೋಗತ್ತೆ ಬಿಡಿ’ ಎಂದು ಅತ್ತೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಪೆಟ್ರೋಲ್ ಚೆಲ್ಲಿದ್ದು ಅಲ್ಲಿ ಅಲ್ಲ, ಕಿತ್ತುಬಿದ್ದ ರೆಕ್ಕೆಯಿದ್ದ ಆಚೆ ಬದಿಯಲ್ಲಿ. ಅಲ್ಲಿ ಪೈರು ಚೆನ್ನಾಗಿಯೇ ಎದ್ದಿತ್ತು. ಇಲ್ಲಿ ಮಣ್ಣಿನಡಿ ಇರುವುದು ಉಪ್ಪು, ಅತ್ತೆಯೇ ಕಟ್ಟಿಕೊಟ್ಟ ಉಪ್ಪು. ಅದು ಗೊತ್ತಿದ್ದವನು ಊರಲ್ಲಿ ಸೆಲುತಾನ್ ಒಬ್ಬನೇ. ಅವನು ಬೇಲಿಯ ತನಕ ಬಂದವನು ಗದ್ದೆಯ ಕಡೆ ನೋಡದೆ ತಿರುಗಿ ಬೂಟು ಹಾಕಿಕೊಂಡ.

ಅತ್ತೆಯೆಂದರೆ ಅವನಿಗೆ ಮೊದಲು ಭಯವೇನೂ ಇರಲಿಲ್ಲ. ಭಯ ಶುರುವಾಗಿದ್ದು ತಕ್ಕಡಿಯಿಂದ. ಹತ್ತುವವರನ್ನು, ಅವರ ಸಾಮಾನನ್ನು ತೂಗಿ, ವಿಮಾನ ಬರುವ ಮೊದಲೇ ರೇಡಿಯೋದಲ್ಲಿ ಹೇಳುವುದು ಅವನ ಕೆಲಸ. ಕಣಿವೆಯ ಊರೂರಿಗೂ ಒಂದೊಂದು ರೇಡಿಯೋ, ಒಬ್ಬ ಮಾತಾಡಿದ್ದು ಎಲ್ಲರಿಗೂ ಕೇಳಿಸುತ್ತದೆ, ಮತ್ತು ಬೆಳಗಿನ ಹೊತ್ತು ಕಾಫಿ ಕುಡಿಯುತ್ತಾ ಅದರ ಸುತ್ತ ಕೂರುವುದಕ್ಕಿಂತ ದೊಡ್ಡ ಮನರಂಜನೆ ಯಾರಿಗೂ ಇಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಹಲ್ಲು ಕೀಳಿಸಲು ಕರಾವಳಿಗೆ ಹೊರಟಿದ್ದಳು. ಅವನು ಹುರುಪಿನಲ್ಲಿದ್ದ. ಹೆಸರು ಹೇಳಿದ, ತೂಕ ಹೇಳಿದ, ಗರಗರ ಸದ್ದಿನಲ್ಲಿ ಆ ಕಡೆಯವರಿಗೆ ಕೇಳಲಿಲ್ಲವೆಂದು ಇನ್ನೊಂದು ಸಲ ಗಂಟಲು ಹರಿದುಕೊಂಡು ಹೇಳಿದ. ಯಾವುದೋ ಊರಿನಿಂದ ಒಬ್ಬ, ‘ತಮ್ಮಾ, ಅದು ಅಜ್ಜಿ ತೂಕಾನೋ, ಅಜ್ಜಿ ಜೊತೆ ಎಮ್ಮೆನೂ ಹತ್ತಿದೆಯೋ?’ ಎಂದ. ಇಡೀ ಕಣಿವೆ ನಕ್ಕಿತು. ರೇಡಿಯೋದಲ್ಲಿ ನಗು ಕೆಮ್ಮಿನಂತೆ ಕೇಳಿಸುತ್ತದೆ. ಅತ್ತೆ ಅವನ ಪಕ್ಕದಲ್ಲೇ ನಿಂತಿದ್ದಳು, ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು. ಆ ನಾಟಿಯಿಂದ ಕೊಯ್ಲಿನ ತನಕ ಅವಳು ಅವನ ಜೊತೆ ಮಾತಾಡಲಿಲ್ಲ. ಅವನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು, ಗೋಡೆಯ ಕಡೆ ನೋಡುತ್ತಾ. ಹೆಂಡತಿ ರಿಬ್ಕಾ ಮಾತ್ರ ರಾತ್ರಿ ಚಾಪೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಂದಿನಿಂದ ಅವನು ರೇಡಿಯೋದಲ್ಲಿ ಯಾರ ತೂಕವನ್ನೂ ಬಿಡಿಯಾಗಿ ಹೇಳಿಲ್ಲ, ಎಲ್ಲ ಕೂಡಿಸಿ ಒಟ್ಟು ಹೇಳುತ್ತಾನೆ. ಅಂದಿನಿಂದ ಅತ್ತೆಯೆದುರು ಅವನ ನಾಲಿಗೆಗೆ ಒಂದು ಗಂಟು ಬಿದ್ದಿತು, ಆಮೇಲೆ ಅವಳು ಎಲ್ಲ ಮರೆತು ಮೊದಲಿನಂತಾದ ಮೇಲೂ ಅದು ಬಿಚ್ಚಿಕೊಳ್ಳಲಿಲ್ಲ.

ಬೆಟ್ಟದ ಬುಡದ ಶೆಡ್ಡಿಗೆ ಜನ ಆಗಲೇ ಬಂದು ಸೇರಿದ್ದರು. ಸುಗ್ಗಿಯ ಹಬ್ಬದ ಮಾರನೆಯ ದಿನ ಬಿದ್ದ ವಿಮಾನದ ನಂತರ ಬರುತ್ತಿರುವ ಮೊದಲನೆಯದು ಇದು. ಬಯಲು ಇಷ್ಟು ದಿನ ಮುಚ್ಚಿತ್ತು. ಹತ್ತುವವರು ಇಬ್ಬರು ದೊಡ್ಡವರು, ಒಂದು ಕೂಸು, ಮಿಕ್ಕಿದ್ದೆಲ್ಲ ಅಕ್ಕಿಮೂಟೆ. ನೋಡಲು ಬಂದವರು ಮಾತ್ರ ಇಡೀ ಊರು. ಕಣ್ಣಿನ ಆಪರೇಷನ್‌ಗೆ ಹೊರಟ ತಾಗಾಲ್ ಅಜ್ಜ ತಕ್ಕಡಿಯ ಹಲಗೆಯನ್ನು ಕಾಲಿನಿಂದ ತಡವಿ ಹತ್ತಿದ. ಸೊಂಟದಲ್ಲಿ ಮಚ್ಚು, ಕಾಲಲ್ಲಿ ಮಗನ ಬೂಟು.

‘ನಂಗೆ ಹಲ್ಲಿಲ್ಲ ಸೆಲುತಾನ್, ಅಷ್ಟು ಕಳೆದುಬಿಡು.’

‘ಕಳೆದೆ ಅಜ್ಜ.’

‘ಕಣ್ಣೂ ಇಲ್ಲ.’

‘ಅದನ್ನು ತರೋಕೆ ತಾನೇ ಹೋಗ್ತಿರೋದು? ಬರುವಾಗ ತೂಕ ಜಾಸ್ತಿ ಆಗಿರತ್ತೆ.’

‘ಬರುವಾಗ ನಿನ್ನ ಹೆಂಡತಿ ಮುಖ ನೋಡ್ತೀನಪ್ಪ. ಎಲ್ಲರೂ ಚೆಂದ ಅಂತಾರೆ, ನೀನೊಬ್ಬ ಏನೂ ಅನ್ನಲ್ಲ.’

ಎಲ್ಲರೂ ನಕ್ಕರು, ರಿಬ್ಕಾ ಅಜ್ಜನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದಿದಳು. ಸೆಲುತಾನ್ ಕೂಡ ನಕ್ಕ, ಮುಳ್ಳು ನಿಂತ ಜಾಗವನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಆವತ್ತೂ ಹೀಗೆಯೇ ನಗುತ್ತಿದ್ದರು, ಆವತ್ತು ಇನ್ನೂ ಜಾಸ್ತಿ, ಹಬ್ಬದ ಮಾಂಸ ತಿಂದು ಎಲ್ಲರ ತುಟಿ ಇನ್ನೂ ಹೊಳೆಯುತ್ತಿತ್ತು. ಪಾ ತೆರಾಪ್ ಎಂಬ ಈ ಊರಿನಲ್ಲಿ ಮನುಷ್ಯ, ಮೂಟೆ, ಕೋಳಿ ಎಲ್ಲ ತಕ್ಕಡಿ ಹತ್ತುತ್ತವೆ, ಬುತ್ತಿ ಹತ್ತುವುದಿಲ್ಲ. ಹೊರಟವರ ಕೈಗೆ ಕೊಟ್ಟ ಅನ್ನವನ್ನು ತೂಗುವುದೆಂದರೆ ಅದಕ್ಕೆ ಬೆಲೆ ಕಟ್ಟಿದ ಹಾಗೆ, ಕೊಟ್ಟವರ ಮುಖಕ್ಕೆ ಉಗಿದ ಹಾಗೆ. ಎಲೆಯಲ್ಲಿ ಕಟ್ಟಿದ ಮೆತ್ತನೆ ಅನ್ನದ ಒಂದು ಪೊಟ್ಟಣ, ಎರಡು ಪೊಟ್ಟಣ, ಅದರಿಂದ ಏನಾಗುತ್ತದೆ? ಆದರೆ ಬಾಲಾಂಗ್ ಎಷ್ಟೋ ವರ್ಷದ ಮೇಲೆ ಕರಾವಳಿಯಿಂದ ಊರಿಗೆ ಬಂದಿದ್ದ. ಎಲ್ಲರ ಮನೆಯಲ್ಲೂ ಉಂಡಿದ್ದ, ಆದ್ದರಿಂದ ಎಲ್ಲರ ಮನೆಯಿಂದಲೂ ಬುತ್ತಿ ಬಂತು. ತೂಕ ಮುಗಿದು, ಒಟ್ಟು ಹೇಳಿ, ಬಾಗಿಲು ಹಾಕುವ ಹೊತ್ತಿಗೆ ಒಬ್ಬೊಬ್ಬರಾಗಿ ಬಾಗಿಲಿನೊಳಗೆ ಕೈ ತೂರಿಸಿದರು. ಪೊಟ್ಟಣಗಳು ಅವನ ತೊಡೆಯ ಮೇಲೆ, ಸೀಟಿನ ಕೆಳಗೆ, ಹಿಂದೆ ಸಾಮಾನಿನ ಬಲೆಯಾಚೆ. ಕೊನೆಗೆ ಅತ್ತೆ ಬಂದಳು, ಬೆನ್ನಿನ ಬುಟ್ಟಿಯಲ್ಲಿ ಬೆಟ್ಟದ ಉಪ್ಪಿನ ಕಟ್ಟುಗಳು. ಉಪ್ಪುಬುಗ್ಗೆಯ ನೀರನ್ನು ಕಾಯಿಸಿ ಕಾಯಿಸಿ ಅವಳೇ ಮಾಡಿದ್ದು, ಎಲೆ ಸುತ್ತಿ ಕಟ್ಟಿದ್ದು, ನೋಡಲು ಮಗುವಿನ ತೋಳಿನಷ್ಟು, ಎತ್ತಿದರೆ ಕಲ್ಲು. ‘ನಿನ್ನ ಹೆಂಡತಿಗೆ ಕೊಡು, ಅಂಗಡಿ ಉಪ್ಪು ತಿಂದೂ ತಿಂದೂ ಅವಳ ಮುಖಾನೇ ಅಂಗಡಿ ಥರ ಆಗಿದೆ’ ಎಂದು ಇಡೀ ಬುಟ್ಟಿಯನ್ನೇ ಹಿಂದಕ್ಕೆ ದೂಡಿದಳು. ಪೈಲಟ್ ಮುಂದೆ ಕೂತು ಗಾಳಿ ನೋಡುತ್ತಿದ್ದ. ಸೆಲುತಾನ್ ಬಾಗಿಲು ಹಿಡಿದುಕೊಂಡಿದ್ದ. ಬುಟ್ಟಿ ಒಳಗೆ ಹೋದಾಗ ವಿಮಾನದ ಬಾಲ ಒಂದು ಚೂರು ಕುಸಿದಿದ್ದನ್ನು ಅವನ ಕೈ ಕಂಡಿತು. ಬಾಯಿ ತೆರೆದ. ಅತ್ತೆ ತಿರುಗಿ, ‘ಏನು?’ ಎಂದಳು. ‘ಏನಿಲ್ಲ’ ಎಂದು ಬಾಗಿಲು ಹಾಕಿದ.

ಬದುವಿಗೆ ಚಕ್ರ ತಗುಲಿ ವಿಮಾನ ಮಗುಚಿದಾಗ ಮೊದಲು ಓಡಿ ತಲುಪಿದವನೂ ಅವನೇ. ಕ್ಯಾಪ್ಟನ್‌ನ ಕಾಲು ಸಿಕ್ಕಿಕೊಂಡಿತ್ತು, ಆದರೆ ಅವನು ಮಾತಾಡುತ್ತಿದ್ದ. ಬಾಲಾಂಗ್ ಮಾತಾಡುತ್ತಿರಲಿಲ್ಲ. ಬಾಗಿಲು ಕಿತ್ತು ಅವನನ್ನು ಹೊರಗೆಳೆದು ಬದುವಿನ ಮೇಲೆ ಮಲಗಿಸಿ ತಿರುಗಿದರೆ, ಕೊಯ್ದ ಗದ್ದೆಯ ಕೆಸರಿನಲ್ಲಿ ಪೊಟ್ಟಣಗಳು ಚೆಲ್ಲಾಪಿಲ್ಲಿಯಾಗಿದ್ದವು, ಕೆಲವು ಬಿರಿದು ಬಿಳಿ ಅನ್ನ ಕಾಣುತ್ತಿತ್ತು. ಮೇಲಿನಿಂದ ಊರಿಗೆ ಊರೇ ಇಳಿದು ಬರುತ್ತಿತ್ತು, ಎಲ್ಲರಿಗಿಂತ ಮುಂದೆ ಅತ್ತೆ, ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡುತ್ತಾ. ಆಗ ಅವನು ಯೋಚನೆ ಮಾಡಲಿಲ್ಲ. ಕಾಲಿನಿಂದ ತುಳಿದ. ಅನ್ನವನ್ನು, ಉಪ್ಪಿನ ಕಟ್ಟುಗಳನ್ನು, ಒಂದೊಂದಾಗಿ ಕೆಸರಿನೊಳಗೆ ಮೊಣಕಾಲಿನ ತನಕ ತುಳಿದು ಹೂತ. ಅತ್ತೆ ಬಂದು ತಲುಪುವ ಹೊತ್ತಿಗೆ ಅಲ್ಲಿ ಬರೀ ಕೆಸರಿತ್ತು. ಅವಳಿಗಾಗಿ ತುಳಿದೆನೋ ತನಗಾಗಿ ತುಳಿದೆನೋ ಎಂದು ಅವನು ತನ್ನನ್ನು ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಅವಳಿಗಾಗಿ ಎಂದುಕೊಂಡ ದಿನ ನಿದ್ದೆ ಬರುತ್ತದೆ. ಆಮೇಲೆ ವಿಚಾರಣೆಗೆ ಇಬ್ಬರು ಬಂದರು, ಹುಲ್ಲಿನ ಎತ್ತರ ಅಳೆದರು, ಗಾಳಿ ಯಾವ ಕಡೆಯಿಂದ ಇತ್ತು ಎಂದು ಕೇಳಿದರು. ‘ಸಾಮಾನೆಲ್ಲ ತೂಗಿದ್ರಾ?’ ಎಂದರು. ‘ತೂಗಿದ್ದೆ’ ಎಂದ. ಅದು ಸುಳ್ಳಲ್ಲ, ಬುತ್ತಿಯನ್ನು ಸಾಮಾನು ಎಂದು ಊರಿನಲ್ಲಿ ಯಾರೂ ಕರೆಯುವುದಿಲ್ಲ.

ವಿಮಾನದ ಸದ್ದು ಬೆಟ್ಟದ ಹಿಂದಿನಿಂದ ಬಂತು. ಬಿಳಿಯ ಪುಟ್ಟ ವಿಮಾನ ಗದ್ದೆಗಳ ಮೇಲೆ ತಗ್ಗಿ, ಹಳೆಯ ವಿಮಾನದ ಹೊಟ್ಟೆಯ ಮೇಲೇ ಹಾದು, ಕೋಳಿಗಳನ್ನು ದಿಕ್ಕಾಪಾಲು ಮಾಡಿ, ಇಳಿಜಾರನ್ನು ಏರುತ್ತಾ ಬಂದು ಶೆಡ್ಡಿನ ಮುಂದೆ ತಿರುಗಿ ನಿಂತಿತು. ಇಳಿದವಳು ಒಬ್ಬ ಹುಡುಗಿ. ಗಿಡ್ಡಗಿದ್ದಳು, ತಲೆಗೆ ಬಟ್ಟೆ ಸುತ್ತಿದ್ದಳು, ಜಾವಾದ ಕಡೆಯವಳು. ಹೆಸರು ವೆನಿಂಗ್ ಎಂದಳು.

‘ಯಾರು ಬಂದಿರೋದು?’ ತಾಗಾಲ್ ಅಜ್ಜ ಕೇಳಿದ.

‘ಕ್ಯಾಪ್ಟನ್, ಅಜ್ಜ. ಹೆಣ್ಣುಮಗು’ ಎಂದಳು ರಿಬ್ಕಾ.

‘ಸದ್ಯ ನಂಗೆ ಕಣ್ಣು ಕಾಣಲ್ಲ, ಇಲ್ಲಾಂದ್ರೆ ಹೆದರ್ತಿದ್ದೆ.’

‘ನಂಗೆ ಕಾಣತ್ತೆ ಅಜ್ಜ, ಒಬ್ಬರಿಗೆ ಕಂಡ್ರೆ ಸಾಕು’ ಎಂದಳು ವೆನಿಂಗ್. ಜನಕ್ಕೆ ಅವಳು ಹಿಡಿಸಿದಳು. ಯಾರೋ ಕಾಫಿ ತಂದುಕೊಟ್ಟರು. ಅವಳು ಲೋಟ ಹಿಡಿದುಕೊಂಡೇ ಬಿಳಿ ಕಲ್ಲಿನ ತನಕ ಒಬ್ಬಳೇ ನಡೆದು ಹೋಗಿ, ಹುಲ್ಲನ್ನು ಬೂಟಿನಿಂದ ತಿಕ್ಕಿ ನೋಡಿ ಬಂದಳು. ಹಾಗೆ ನೋಡಿದ್ದು ಸೆಲುತಾನ್‌ಗೆ ಚುಚ್ಚಿತು. ತನ್ನ ಮಾತನ್ನು ಅವಳು ಯಾಕೆ ನಂಬಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡ. ಒಟ್ಟು ತೂಕ ಹೇಳಿದ. ಅವಳು ತಲೆಯಲ್ಲೇ ಕೂಡಿಸಿ, ‘ಸರಿಯಾಗಿ ಅಂಚಿಗೆ ಬಂದಿದೆ. ಇದರ ಮೇಲೆ ಒಂದು ಕೋಳಿಮರಿನೂ ಬೇಡ’ ಎಂದಳು. ಮೂಟೆಗಳನ್ನು ಬಲೆ ಹಾಕಿ ಬಿಗಿಯುವಾಗ ತಗ್ಗಿದ ದನಿಯಲ್ಲಿ, ‘ರುಮೊಂಡೋರ್ ಸರ್ ನಿಮ್ಮನ್ನ ಕೇಳಿದೆ ಅಂತ ಹೇಳು ಅಂದ್ರು’ ಎಂದಳು.

‘ಕಾಲು ಹೇಗಿದೆ ಅವರದು?’

‘ಕಾಲು ಕೂಡ್ಕೊಂಡಿದೆ. ಹಾರಿಸೋದು ಬಿಟ್ಟಿದ್ದಾರೆ.’ ಅವಳು ಬಲೆಯ ಕೊಂಡಿ ಎಳೆದು ನೋಡಿದಳು. ‘ಯಾರೂ ಬಿಡು ಅಂದಿಲ್ಲ. ಅವರೇ ಬಿಟ್ಟಿರೋದು. ಆಫೀಸಲ್ಲಿ ಕೂತು ನಮಗೆಲ್ಲ ಅದನ್ನೇ ಹೇಳ್ತಾ ಇರ್ತಾರೆ. ತೂಕ ಸರಿ ಇತ್ತು, ಗಾಳಿ ಸ್ವಲ್ಪಾನೇ ಇತ್ತು, ಹುಲ್ಲೂ ಅಂಥಾ ಒದ್ದೆ ಇರಲಿಲ್ಲ, ಮತ್ತೆ ಯಾಕೆ ಏಳಲಿಲ್ಲ? ಅಂದ್ರೆ ನನ್ನ ಕೈಯಲ್ಲೇ ಏನೋ ಹೋಗಿದೆ, ಅಂತಾರೆ. ಇಪ್ಪತ್ತು ವರ್ಷ ಇಂಥಾ ಹುಲ್ಲಿಂದಲೇ ಎಬ್ಬಿಸಿದ ಮನುಷ್ಯ.’

ಸೆಲುತಾನ್‌ಗೆ ರುಮೊಂಡೋರ್‌ನ ಕೈಗಳು ಕಂಡವು. ದಪ್ಪ ಬೆರಳುಗಳು, ಉಗುರಿನ ಸಂದಿಯಲ್ಲಿ ಯಾವಾಗಲೂ ಎಂಜಿನ್ನಿನ ಎಣ್ಣೆ, ಪ್ರತಿ ಸಲ ಇಳಿದಾಗ ಅವನ ಹೆಗಲ ಮೇಲೆ ಒಂದು ಏಟು. ಆ ಮನುಷ್ಯ ಈಗ ಎಲ್ಲೋ ಒಂದು ಮೇಜಿನ ಮುಂದೆ ಕೂತು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಾನೆ. ಇಷ್ಟು ದಿನ ಸೆಲುತಾನ್ ಅತ್ತೆಯ ಬಗ್ಗೆ ಯೋಚಿಸಿದ್ದ, ತನ್ನ ಬಗ್ಗೆ ಯೋಚಿಸಿದ್ದ, ಸತ್ತವನ ಬಗ್ಗೆಯೂ. ಬದುಕಿರುವವನೊಬ್ಬ ಇದನ್ನು ಹೊತ್ತುಕೊಂಡಿರಬಹುದು ಎಂಬುದು ತಲೆಗೆ ಬಂದಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಗೆ ಕಿವಿ ಬಿಸಿಯಾಗುತ್ತದೆ ಎನ್ನುತ್ತಾರೆ, ಅವನಿಗೆ ಅಂಗಾಲು ತಣ್ಣಗಾಯಿತು, ಕೆಸರಿನಲ್ಲಿ ನಿಂತ ಹಾಗೆ.

ಅಜ್ಜನನ್ನು ಕೂರಿಸಿದರು. ಕೂಸಿನ ತಾಯಿ ಹತ್ತಿದಳು. ಆಗ ಜನ ಎರಡಾಗಿ ದಾರಿ ಬಿಟ್ಟಿತು, ಅತ್ತೆ ಬಂದಳು. ಬೆನ್ನ ಮೇಲೆ ಅದೇ ಅಳತೆಯ ಬುಟ್ಟಿ. ಅವಳ ಹಿಂದೆ ಇನ್ನೂ ಹಲವರು, ಎಲ್ಲರ ಕೈಯಲ್ಲೂ ಎಲೆಯ ಪೊಟ್ಟಣ. ಅವಳು ಬಾಗಿಲ ಹತ್ತಿರ ನಿಂತು ಒಳಗೆ ಕೂಗಿದಳು.

‘ತಾಗಾಲ್, ಬಾಲಾಂಗ್‌ನ ಹೆಂಡತಿ ನಿನ್ನ ನೋಡೋಕೆ ಆಸ್ಪತ್ರೆಗೆ ಬರ್ತಾಳೆ. ಇದನ್ನು ಅವಳ ಕೈಗೆ ಕೊಡು. ಅನ್ನ ಇವತ್ತೇ ತಿನ್ನಬೇಕು ಅನ್ನು. ಉಪ್ಪು ಇಟ್ಕೊಳ್ಳಲಿ. ಆವತ್ತಿಂದು ಅವಳಿಗೆ ಮುಟ್ಟಲಿಲ್ಲವಲ್ಲ.’

ಅವಳು ಬುಟ್ಟಿ ಇಳಿಸಿ ಒಳಗೆ ದೂಡಲು ಎತ್ತಿದಳು. ಸೆಲುತಾನ್ ಬಾಗಿಲಿಗೆ ಅಡ್ಡ ಬಂದ.

‘ಅತ್ತೆ, ಇಲ್ಲಿ ಕೊಡಿ.’

ಅವನೇ ಒಳಗಿಡುತ್ತಾನೆ ಎಂದುಕೊಂಡು ಅವಳು ಕೊಟ್ಟಳು. ಅವನು ಬುಟ್ಟಿಯನ್ನು ಹೊತ್ತು ಶೆಡ್ಡಿಗೆ ನಡೆದು ತಕ್ಕಡಿಯ ಹಲಗೆಯ ಮೇಲಿಟ್ಟ. ಮುಳ್ಳು ಜಿಗಿದು, ನಡುಗಿ, ನಿಂತಿತು. ಹಿಂದೆ ನಿಂತವರಲ್ಲಿ ಒಬ್ಬಳು ತನ್ನ ಪೊಟ್ಟಣವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು. ರಿಬ್ಕಾ ‘ಏನ್ ಮಾಡ್ತಿದೀರಾ ನೀವು?’ ಎಂದಳು, ಗಂಡನನ್ನು ಮೊದಲ ಸಲ ನೋಡುವವಳಂತೆ.

‘ಇದು ಹೋಗಲ್ಲ ಅತ್ತೆ’ ಎಂದ ಸೆಲುತಾನ್. ತನ್ನ ದನಿ ರೇಡಿಯೋದಲ್ಲಿ ಕೇಳುವ ಬೇರೆ ಯಾರದೋ ದನಿಯಂತೆ ಅವನಿಗೇ ಕೇಳಿಸಿತು. ‘ಯಾರ ಬುತ್ತೀನೂ ಹೋಗಲ್ಲ. ಭಾರ ಆಗಲೇ ತುಂಬಿದೆ.’

‘ನನ್ನ ಅನ್ನ ತೂಗಿದ್ಯಾ?’ ಅತ್ತೆಯ ಮುಖ ಬಿಳಿಚಿತು. ‘ಮಾರೋಕೆ ತಂದಿದ್ದೀನಾ ನಾನು? ಸತ್ತವನ ಹೆಂಡತಿಗೆ ಕೊಡೋ ಅನ್ನ ಕಣೋ ಅದು.’

‘ಗೊತ್ತು.’

‘ಆವತ್ತು ನೀನೇ ಬಾಗಿಲು ಹಿಡ್ಕೊಂಡಿದ್ದೆ. ಆವತ್ತು ಬೇಡ ಅನ್ನಲಿಲ್ಲ ನೀನು.’

‘ಅನ್ನಲಿಲ್ಲ’ ಎಂದ ಸೆಲುತಾನ್.

ಅಷ್ಟೇ ಹೇಳಿದ್ದು. ಅವಳು ಇನ್ನೇನೋ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಅವನ ಮುಖ ನೋಡಿದಳು, ತಕ್ಕಡಿಯ ಮುಳ್ಳು ನೋಡಿದಳು, ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಇಳಿಜಾರಿನ ಕೆಳಗೆ, ಗದ್ದೆಯ ಕಡೆ ನೋಡಿದಳು. ಕಣ್ಣು ಕಾಣದ ಅಜ್ಜನೇ ಮೊದಲು ಮಾತಾಡಿದ್ದು.

‘ನನ್ನ ಮಚ್ಚು ಇಳಿಸ್ಕೊಳ್ರಪ್ಪ. ಡಾಕ್ಟರ ಹತ್ರ ಹೋಗೋನಿಗೆ ಮಚ್ಚು ಯಾಕೆ? ಬೂಟೂ ತಗೊಳ್ಳಿ, ಕಚ್ತಾ ಇದೆ. ಅದರ ಬದಲು ಆಗೋಷ್ಟು ಅನ್ನ ಬರಲಿ.’

ಸೆಲುತಾನ್ ವೆನಿಂಗ್‌ಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಮಚ್ಚು, ಬೂಟುಗಳನ್ನು ತಕ್ಕಡಿಗಿಟ್ಟು ಮುಳ್ಳು ಎಲ್ಲಿ ನಿಂತಿತೆಂದು ನೋಡಿ, ತೆಗೆದು, ಬುಟ್ಟಿಯಿಂದ ಅನ್ನದ ಪೊಟ್ಟಣಗಳನ್ನು ಒಂದೊಂದಾಗಿ ಇಟ್ಟ. ಎರಡು ಇಟ್ಟಾಗ ಮುಳ್ಳು ಗುರುತಿಗಿಂತ ಸ್ವಲ್ಪ ಹಿಂದೆಯೇ ನಿಂತಿತು. ಮೂರನೆಯದನ್ನು ಇಡಲಿಲ್ಲ. ಆ ಎರಡನ್ನೂ ಅತ್ತೆಯ ಕೈಗೇ ಕೊಟ್ಟ. ಅವಳು ಯಾರನ್ನೂ ನೋಡದೆ ಹೋಗಿ ಅಜ್ಜನ ತೊಡೆಯ ಮೇಲಿಟ್ಟು, ಅವನ ಎರಡೂ ಕೈಯನ್ನು ಅದರ ಮೇಲೆ ಕೂರಿಸಿ, ಇಳಿಜಾರಿನ ಬದಿ ಹಿಡಿದು ಒಬ್ಬಳೇ ಕೆಳಗೆ ನಡೆದಳು. ಹಿಂದೆ ಹೋಗಹೊರಟ ರಿಬ್ಕಾಳನ್ನು ಯಾರೋ ತಡೆದರು. ಸೆಲುತಾನ್ ಪೈಲಟ್ಟಿನ ಕಿಟಕಿಯ ಹತ್ತಿರ ಹೋದ.

‘ಕ್ಯಾಪ್ಟನ್, ರುಮೊಂಡೋರ್ ಅವರಿಗೆ ಹೇಳಿ. ತೂಕ ಸರಿ ಇರಲಿಲ್ಲ ಅಂತ. ನಾನು ಹೇಳಿದ ತೂಕ. ಅವರ ಕೈ ಸರಿಯಾಗೇ ಇತ್ತು ಅಂತ ಹೇಳಿ.’

ಅವಳು ಸೀಟಿನ ಬೆಲ್ಟ್ ಬಿಗಿದುಕೊಂಡಳು. ‘ಆಫೀಸಿನವರೂ ಕೇಳ್ತಾರೆ ಆಮೇಲೆ’ ಎಂದಳು.

‘ಕೇಳಲಿ. ಇಲ್ಲೇ ಇರ್ತೀನಿ.’

ಪ್ರೊಪೆಲ್ಲರ್ ತಿರುಗಿತು. ಹುಲ್ಲು ಹಿಂದಕ್ಕೆ ಮಲಗಿತು. ಅವನು ಆವತ್ತು ನಿಂತ ಜಾಗದಲ್ಲೇ ನಿಂತ, ಬೇರೆ ಕಡೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ವಿಮಾನ ಇಳಿಜಾರಿನಲ್ಲಿ ಓಡತೊಡಗಿತು. ಮೊದಲು ಕುಲುಕುತ್ತಾ, ಆಮೇಲೆ ಹಗುರವಾಗಿ. ಬಾಯಲ್ಲಿ ‘ಏಳು’ ಎಂಬ ಮಾತು ಬಂದದ್ದನ್ನು ತಡೆದುಕೊಂಡ. ಬದಿಯಲ್ಲಿ ನಡೆಯುತ್ತಿದ್ದ ಅತ್ತೆಯನ್ನು ವಿಮಾನ ದಾಟಿತು. ಅವಳು ನಿಂತು, ಹ್ಯಾಟನ್ನು ಒತ್ತಿ ಹಿಡಿದುಕೊಂಡಳು. ಚಕ್ರ ಹುಲ್ಲು ಬಿಟ್ಟಿತು. ಬಿಳಿ ಕಲ್ಲು ಇನ್ನೂ ಎಷ್ಟೋ ಮುಂದಿತ್ತು. ಅಷ್ಟು ಸುಲಭವಾಗಿತ್ತು ಅದು. ವಿಮಾನ ಬೇಲಿ, ಬದು, ಗದ್ದೆ ಎಲ್ಲವನ್ನೂ ಕೆಳಗೆ ಬಿಟ್ಟು ಎಡಕ್ಕೆ ವಾಲಿ ಕಣಿವೆಯ ಕಡೆ ಹೋಯಿತು. ಸದ್ದು ಅಡಗಿದ ಮೇಲೂ ಜನ ಹೋಗಲಿಲ್ಲ. ಕೈಯಲ್ಲಿ ಉಳಿದ ಪೊಟ್ಟಣಗಳನ್ನು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಆಮೇಲೆ ಯಾರೋ ಒಬ್ಬ ಹುಲ್ಲಿನ ಮೇಲೆ ಕೂತು ಎಲೆ ಬಿಚ್ಚಿದ, ಉಳಿದವರೂ ಕೂತರು.

ಸೆಲುತಾನ್ ಅತ್ತೆಯ ಬುಟ್ಟಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿಜಾರು ಇಳಿದ. ಪಟ್ಟಿ ಹೆಗಲಿಗೆ ಕೊರೆಯುತ್ತಿತ್ತು. ಅವಳು ಗದ್ದೆಯೊಳಗೆ, ಹಳದಿ ಪೈರಿನ ನಡುವೆ ನಿಂತಿದ್ದಳು. ಬಗ್ಗಿ ಬೆರಳಿನಿಂದ ಸ್ವಲ್ಪ ಕೆಸರು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಉಗುಳಿದಳು.

‘ಇದು ಪೆಟ್ರೋಲ್ ಅಲ್ಲ.’

‘ಅಲ್ಲ ಅತ್ತೆ. ಉಪ್ಪು.’

‘ಇಲ್ಲಿ ಒಂದು ಎಲೆನೂ ಇರಲಿಲ್ಲವಲ್ಲ ಆವತ್ತು.’

‘ಕೆಳಗಿದೆ. ನಾನೇ ತುಳಿದೆ.’

ಅವಳು ಕಾಲಿನ ಕೆಳಗೆ ನೋಡಿಕೊಂಡಳು. ವಿಮಾನದ ಹೊಟ್ಟೆಯೊಳಗೆ ಒಂದು ಕೋಳಿ ಕೂಗುತ್ತಿತ್ತು. ‘ಬಾಲಾಂಗ್ ಬೇಡ ಅಂದ’ ಎಂದಳು. ‘ಅಕ್ಕಾ ಸಾಕು, ಕಾಲಿಡೋಕೆ ಜಾಗ ಇಲ್ಲ ಅಂದ. ನಾನೇ ಬೈದು ಹಾಕಿದೆ. ನಾನೇ ಅವನನ್ನ...’

‘ನೀವೊಬ್ರೇ ಅಲ್ಲ, ಊರೆಲ್ಲ ಕೊಡ್ತು. ತೂಗೋ ಕೆಲಸ ನಂದಿತ್ತು.’

‘ನೋಡಿದ್ದೆ ನೀನು. ಏನೋ ಹೇಳೋಕೆ ಬಂದೆ. “ಏನು?” ಅಂದೆ ನಾನು.’

‘ಹೂಂ.’

‘ನಂಗೆ ಹೆದರಿಕೊಂಡ್ಯಾ?’

‘ಹೂಂ.’

‘ನನ್ನ ತೂಕ ಮಾತ್ರ ಇಡೀ ಕಣಿವೆಗೆ ಸಾರಿದ್ಯಲ್ಲೋ’ ಎಂದಳು ಅತ್ತೆ. ‘ಎರಡೆರಡು ಸಲ.’

ಅಷ್ಟು ಹೇಳಿ ಅವಳು ಅಳಲು ಶುರುಮಾಡಿದಳು. ತಮ್ಮನನ್ನು ಮಣ್ಣು ಮಾಡಿದಾಗಲೂ ಅವಳು ಹೀಗೆ ಅತ್ತಿರಲಿಲ್ಲ. ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು, ಹ್ಯಾಟನ್ನು ಮುಖಕ್ಕೆ ಹಿಡಿದುಕೊಂಡು ಅತ್ತಳು. ಸೆಲುತಾನ್ ಹತ್ತಿರ ಹೋಗಲಿಲ್ಲ, ದೂರವೂ ಹೋಗಲಿಲ್ಲ. ಅವನ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದು ಬೇಡವೆನಿಸಿತು. ಆಮೇಲೆ ಅವಳು ಗದ್ದೆಯಿಂದ ಹತ್ತಿ ಬಂದು ಬದುವಿನ ಮೇಲೆ, ಬಾಲಾಂಗ್‌ನನ್ನು ಮಲಗಿಸಿದ್ದ ಜಾಗದ ಹತ್ತಿರವೇ ಕೂತಳು. ಬುಟ್ಟಿ ಕೊಡು ಎಂದು ಕೈ ಮಾಡಿದಳು. ಮೇಲಿದ್ದ ಉಪ್ಪಿನ ಕಟ್ಟುಗಳನ್ನು ಸರಿಸಿ ಒಂದು ಪೊಟ್ಟಣ ತೆಗೆದು ಅವನ ಕಡೆ ಚಾಚಿದಳು.

‘ಬೆಳಗ್ಗಿಂದ ಏನೂ ತಿಂದಿಲ್ಲ ನೀನು. ರಿಬ್ಕಾ ಹೇಳಿದ್ಳು.’

ಆ ಪೊಟ್ಟಣವನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ.

‘ತಗೋ’ ಎಂದಳು ಅತ್ತೆ, ಅವನ ಮುಖವನ್ನೇ ನೋಡುತ್ತಾ. ‘ಇದನ್ನೂ ತೂಗಬೇಕಾ?’

ಅವನು ಗದ್ದೆಯ ನೀರಿನಲ್ಲಿ ಕೈ ತೊಳೆದುಕೊಂಡು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡ. ಎಲೆಯೊಳಗೆ ಅನ್ನ ಇನ್ನೂ ಬೆಚ್ಚಗಿತ್ತು.